ಗ್ಲಾಸ್ಗೋದಲ್ಲಿ ಹೊತ್ತಿನ ಲೆಕ್ಕ

ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಗೆ ಸೇರಿದವರಿಗೆ ಸೆಪ್ಟೆಂಬರಿನಲ್ಲಿ ಸಿಗುವ ವೇಳಾಪಟ್ಟಿಯಲ್ಲಿ ಖಾಲಿ ಜಾಗವೇ ಹೆಚ್ಚು. ನಾನು ಆರಿಸಿಕೊಂಡದ್ದು ನಗರ ಯೋಜನೆ. ಮೊದಲ ಅವಧಿಗೆ ಮೂರು ಪತ್ರಿಕೆ, ಒಂದೊಂದಕ್ಕೆ ವಾರಕ್ಕೆ ಎರಡು ಗಂಟೆ, ಎಲ್ಲ ಸೇರಿ ಆರು ಗಂಟೆಯ ಪಾಠ. ಶಿವಮೊಗ್ಗದ ಕಾಲೇಜಿನಲ್ಲಿ ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಬೆಂಚು ಬಿಡದೆ ಕೂತು, ಶೇಕಡಾ 75ರಷ್ಟು ಹಾಜರಿ ತುಂಬಿತೋ ಇಲ್ಲವೋ ಎಂದು ವರ್ಷದ ಕೊನೆಯಲ್ಲಿ ಸೂಚನಾಫಲಕದ ಮುಂದೆ ನೂಕುನುಗ್ಗಲಿನಲ್ಲಿ ಹೆಸರು ಹುಡುಕಿ ಪದವಿ ಮುಗಿಸಿದವಳಿಗೆ, ವಾರಕ್ಕೆ ಆರೇ ಗಂಟೆ ಪಾಠ ಹೇಳಿ ಇಷ್ಟೊಂದು ಹಣ ತೆಗೆದುಕೊಳ್ಳುತ್ತಾರಲ್ಲ ಎಂಬುದೇ ಮೊದಲು ಹೊಳೆಯಿತು. ಸಾಲಕ್ಕೆ ಜಾಮೀನು ನಿಂತಿದ್ದ ದೊಡ್ಡಪ್ಪ ತೀರ್ಥಹಳ್ಳಿಯಿಂದ ಫೋನಿನಲ್ಲಿ ಕೇಳಿದ್ದೂ ಅದನ್ನೇ: “ಹಂಗಾದ್ರೆ ಉಳಿದ ಹೊತ್ತೆಲ್ಲ ಎಂತ ಮಾಡ್ತೀಯೆ ಮಾರಾಯ್ತಿ?”

ಈ ಪ್ರಶ್ನೆಗೆ ವಿಶ್ವವಿದ್ಯಾಲಯದ ಕಡೆಯಿಂದ ಒಂದು ಸಿದ್ಧ ಉತ್ತರವಿದೆ. ಒಂದು ವರ್ಷದ ಮಾಸ್ಟರ್ಸ್ ಪದವಿಗೆ 180 ಕ್ರೆಡಿಟ್. ಇಪ್ಪತ್ತು ಕ್ರೆಡಿಟ್ಟಿನ ಒಂದು ಪತ್ರಿಕೆಗೆ ವಿದ್ಯಾರ್ಥಿ ಒಟ್ಟು 200 ಗಂಟೆ ದುಡಿಯಬೇಕು ಎಂಬ ಎಣಿಕೆಯ ಮೇಲೆ ಈ ವ್ಯವಸ್ಥೆ ನಿಂತಿದೆ. ಹತ್ತು ವಾರ ಮೇಷ್ಟರ ಎದುರು ಕೂತರೆ 20 ಗಂಟೆ ಮುಗಿಯಿತು. ಉಳಿದ 180 ಗಂಟೆ ನಮ್ಮ ಪಾಲಿಗೆ. ಹಾಜರಿಯೇ ಇಲ್ಲವೆಂದಲ್ಲ. ವಿದ್ಯಾರ್ಥಿ ವೀಸಾದ ಮೇಲೆ ಬಂದವರು ತರಗತಿಗೆ ಬರುತ್ತಿದ್ದಾರೆಯೇ ಎಂದು ವಿಶ್ವವಿದ್ಯಾಲಯ ಗಮನಿಸಲೇಬೇಕು, ಬಾರದಿದ್ದರೆ ಗೃಹ ಇಲಾಖೆಗೆ ವರದಿ ಹೋಗುತ್ತದೆ. ಆದರೆ ಆ 180 ಗಂಟೆಗಳನ್ನು ಎಲ್ಲಿ ಕಳೆದೆ, ಏನು ಓದಿದೆ ಎಂದು ಯಾರೂ ಕೇಳುವುದಿಲ್ಲ. ಅವಧಿಯ ಕೊನೆಯಲ್ಲಿ ಬರೆದು ಒಪ್ಪಿಸುವ ಪ್ರಬಂಧವೇ ಅದಕ್ಕೆ ಸಾಕ್ಷಿ.

ಸ್ಕಾಟ್ಲೆಂಡ್ ಎಂದರೆ ಕೋಟೆ, ಸರೋವರ, ಬ್ಯಾಗ್‌ಪೈಪು ಎಂದು ಬರೆಯುವವರಿಗೆ ಕೊರತೆಯಿಲ್ಲ. ಅವೆಲ್ಲ ಇವೆ, ಚೆನ್ನಾಗಿಯೂ ಇವೆ. ಆದರೆ ವಿದ್ಯಾರ್ಥಿಯಾಗಿ ಇಲ್ಲಿ ಬದುಕುವುದೆಂದರೆ ಬಹುಮಟ್ಟಿಗೆ ಹೊತ್ತನ್ನು ಪಾಲು ಹಾಕುವ ಕೆಲಸ. ಓದಿಗೆ ಇಷ್ಟು, ಬಿಸಿಲಿಗೆ ಇಷ್ಟು, ಅಡುಗೆಗೆ ಇಷ್ಟು, ಕೂಲಿಗೆ ಇಷ್ಟು ಎಂದು ಹಂಚುತ್ತ ಹೋಗಬೇಕು. ಒಂದರ ಪಾಲು ಹಿಗ್ಗಿದರೆ ಇನ್ನೊಂದರದು ಕುಗ್ಗುತ್ತದೆ. ಪಠ್ಯಕ್ರಮದಲ್ಲಿ ಎಲ್ಲಿಯೂ ಬರೆಯದ ಈ ಹಂಚಿಕೆಯೇ ನನ್ನ ಮಟ್ಟಿಗೆ ಅತ್ಯಂತ ಕಷ್ಟದ ಪತ್ರಿಕೆಯಾಗಿತ್ತು.

ಓದಿನ ಪಾಲು ಕಳೆಯುವುದು ಗ್ರಂಥಾಲಯದಲ್ಲಿ. ವಿಶ್ವವಿದ್ಯಾಲಯ 1451ರಲ್ಲಿ ಸ್ಥಾಪನೆಯಾದದ್ದು, 1870ರಲ್ಲಿ ಈಗಿನ ಗಿಲ್ಮೋರ್‌ಹಿಲ್ ಗುಡ್ಡದ ಮೇಲಕ್ಕೆ ಬಂದದ್ದು. ಆ ಗುಡ್ಡದ ಗೋಪುರ ಮತ್ತು ಕಮಾನುಗಳ ಚಿತ್ರವನ್ನೇ ಎಲ್ಲರೂ ಊರಿಗೆ ಕಳಿಸುತ್ತಾರೆ. ಆದರೆ ವಿದ್ಯಾರ್ಥಿಗಳು ನಿಜವಾಗಿ ವಾಸಿಸುವುದು ರಸ್ತೆಯ ಆಚೆ ಬದಿಯ ಹನ್ನೆರಡು ಮಹಡಿಯ ಗ್ರಂಥಾಲಯದಲ್ಲಿ. ಬೆಳಗಿನ 7ಕ್ಕೆ ಬಾಗಿಲು ತೆರೆದರೆ ರಾತ್ರಿ 2ರವರೆಗೂ ಮುಚ್ಚುವುದಿಲ್ಲ. ಮನೆಯ ಹೀಟರಿಗೆ ಹಣ ಸುಡುವುದಕ್ಕಿಂತ ಇಲ್ಲಿ ಕೂರುವುದು ಮೇಲು ಎಂಬುದೂ ಚಳಿಗಾಲದಲ್ಲಿ ಅದು ತುಂಬಿ ತುಳುಕುವುದಕ್ಕೆ ಒಂದು ಕಾರಣ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ವಾರಕ್ಕೆ ನಾಲ್ಕೈದು ದೀರ್ಘ ಲೇಖನಗಳನ್ನು ಓದಿಕೊಂಡು ಹೋಗಿ, ಹತ್ತು ಹನ್ನೆರಡು ಜನರ ಸೆಮಿನಾರಿನಲ್ಲಿ ಮಾತಾಡಬೇಕು. ಮೇಷ್ಟರನ್ನು ಹೆಸರು ಹಿಡಿದು ಕರೆಯುವುದು ಬೇಗನೆ ರೂಢಿಯಾಗುತ್ತದೆ. ರೂಢಿಯಾಗಲು ಕಾಲ ಹಿಡಿಯುವುದು, ಅವರೇ ಬರೆದ ಲೇಖನವನ್ನು ಅವರ ಮುಂದೆಯೇ ಒಪ್ಪುವುದಿಲ್ಲ ಎನ್ನುವುದು. ನಮ್ಮಲ್ಲಿ ಪುಸ್ತಕದಲ್ಲಿದ್ದದ್ದನ್ನು ಚಾಚೂ ತಪ್ಪದೆ ಬರೆದವರಿಗೆ ಅಂಕ. ಇಲ್ಲಿ ಪುಸ್ತಕದ ವಾದ ಎಲ್ಲಿ ಸೋಲುತ್ತದೆ ಎಂದು ತೋರಿಸಿದವರಿಗೆ. ಗ್ಲಾಸ್ಗೋದ ಮೌಲ್ಯಮಾಪನ ಶೇಕಡಾವಾರು ಅಲ್ಲ, 22 ಅಂಕಗಳ ಒಂದು ವಿಚಿತ್ರ ಏಣಿ. ಎ1 ಎಂದರೆ 22, ಎಚ್ ಎಂದರೆ ಸೊನ್ನೆ. ‘ಹದಿನಾರು ಬಂತು’ ಎಂದರೆ ಊರಿನಲ್ಲಿ ಗಾಬರಿಯಾಗುತ್ತಾರೆ, ಅದು ಒಳ್ಳೆಯ ಅಂಕ ಎಂದು ವಿವರಿಸುವುದೇ ಒಂದು ಕೆಲಸ.

ನಗರ ಯೋಜನೆ ಓದುವವರಿಗೆ ಊರೇ ಪ್ರಯೋಗಶಾಲೆ. ಊರಿನ ನಡುವೆ ಚೇರಿಂಗ್ ಕ್ರಾಸಿನಲ್ಲಿ ಎಂ8 ಹೆದ್ದಾರಿ ಹಳ್ಳದಂತೆ ಕೊರೆದು ಹೋಗಿದೆ. ಅದಕ್ಕಾಗಿ ಒಡೆದ ಮನೆಗಳ ಕತೆ ನಮ್ಮ ಮೊದಲ ಪಾಠ. ಕರ್ನಾಟಕ ಎದುರಾದದ್ದು ಮಾತ್ರ ನಾನು ನೆನೆಸದ ಕಡೆ. ಭೂಮಿಯ ಒಡೆತನದ ಬಗ್ಗೆ ಪ್ರಬಂಧ ಬರೆಯಲು ಹೊರಟಾಗ ಥಾಮಸ್ ಮನ್ರೋ ಸಿಕ್ಕಿದ. 1761ರಲ್ಲಿ ಆತ ಹುಟ್ಟಿದ್ದು ಈ ಊರಿನಲ್ಲೇ, ಓದಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಕೆನರಾದ ಕಲೆಕ್ಟರನಾಗಿ ನಮ್ಮ ಘಟ್ಟದ ಕೆಳಗೆ ಕಂದಾಯದ ಕಡತ ಹಿಡಿದು ಕೂತವನು, ಮರುವರ್ಷ ಬಳ್ಳಾರಿ, ಕಡಪಗಳ ಸೀಮೆಗೆ ಹೋದ. ಜಮೀನ್ದಾರನನ್ನು ನಡುವೆ ಇಡದೆ ಒಬ್ಬೊಬ್ಬ ರೈತನ ಹೆಸರಿಗೇ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯೊಂದಿಗೆ ಇಂದಿಗೂ ಆತನ ಹೆಸರು ಕೂಡಿಕೊಂಡಿದೆ. ದೊಡ್ಡಪ್ಪ ತಿಜೋರಿಯಲ್ಲಿ ಜೋಪಾನವಾಗಿಟ್ಟಿರುವ ಪಹಣಿಯ ಹಿಂದಿನ ಯೋಚನೆಯ ಒಂದು ಎಳೆ ಈ ಮಳೆಯೂರಿನ ಹುಡುಗನೊಬ್ಬನ ತಲೆಯಲ್ಲಿ ಹಾದುಹೋಗಿತ್ತು ಎಂದು ತಿಳಿದ ಮೇಲೆ, ಆ ಪ್ರಬಂಧ ತನ್ನ ಪಾಲಿನ ಗಂಟೆಗಳನ್ನು ದಾಟಿ ಬೇರೆ ಪತ್ರಿಕೆಗಳ ಗಂಟೆಗಳನ್ನೂ ತಿಂದುಹಾಕಿತು.

ಗಂಟೆಗಳನ್ನು ಗಡಿಯಾರ ಅಳೆಯುವುದು ಸರಿಯೇ, ಆದರೆ ಇಲ್ಲಿ ಬೆಳಕು ಬೇರೊಂದು ಲೆಕ್ಕ ಇಟ್ಟುಕೊಂಡಿರುತ್ತದೆ. ಮಲೆನಾಡಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟು ವ್ಯತ್ಯಾಸ. ನಾವು ಅದನ್ನು ಗಮನಿಸುವುದೂ ಇಲ್ಲ. ಗ್ಲಾಸ್ಗೋ ಹೆಚ್ಚುಕಡಿಮೆ 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ಮೂರನೆಯ ವಾರದಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಎಂಟೂಮುಕ್ಕಾಲಿಗೆ, ಮುಳುಗುವುದು ಮಧ್ಯಾಹ್ನದ ಮೂರೂಮುಕ್ಕಾಲಿಗೆ. ಈ ಏಳು ಗಂಟೆಯಲ್ಲೂ ಸೂರ್ಯ ಮೇಲೇರದೆ ಚಿಮಣಿಗಳ ಸಾಲಿನ ಹಿಂದೆಯೇ ಅಡ್ಡಾಡಿ ಹೋಗುತ್ತಾನೆ, ಅದೂ ಮೋಡ ಬಿಟ್ಟುಕೊಟ್ಟ ದಿನ ಮಾತ್ರ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ, ಶನಿವಾರ ಇದ್ದ ಸಂಜೆ ಸೋಮವಾರ ಕಾಣೆಯಾಗಿರುತ್ತದೆ. ಮಧ್ಯಾಹ್ನ ಮೂರರ ಸೆಮಿನಾರಿಗೆ ಬೆಳಕಿನಲ್ಲಿ ಒಳಗೆ ಹೋದವರು ಕತ್ತಲಲ್ಲಿ ಹೊರಗೆ ಬರುತ್ತಾರೆ.

ಹೀಗಾಗಿ ಬೆಳಗಿನ ಹತ್ತರಿಂದ ಎರಡರವರೆಗಿನ ಹೊತ್ತು ನವೆಂಬರಿನ ನಂತರ ಎಲ್ಲಕ್ಕಿಂತ ದುಬಾರಿಯಾಯಿತು. ಆ ಹೊತ್ತನ್ನು ಗ್ರಂಥಾಲಯಕ್ಕೆ ಕೊಡಬಾರದು, ಕೆಲ್ವಿನ್ ನದಿಯ ದಂಡೆಗೋ ಕೆಲ್ವಿನ್‌ಗ್ರೋವ್ ಪಾರ್ಕಿಗೋ ಕೊಡಬೇಕು. ಓದು ಕತ್ತಲಲ್ಲೂ ನಡೆಯುತ್ತದೆ, ನಡಿಗೆ ನಡೆಯುವುದಿಲ್ಲ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಿ ಎಂದು ಇಲ್ಲಿಯ ಸರ್ಕಾರವೇ ಎಲ್ಲರಿಗೂ ಸಲಹೆ ಕೊಡುತ್ತದೆ. ನಮ್ಮ ಮೈಬಣ್ಣದವರಿಗೆ ಅದು ಇನ್ನಷ್ಟು ಅಗತ್ಯ. ಮಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರು ಸುರಿಯುವುದನ್ನು ಕಂಡವರಿಗೆ ಗ್ಲಾಸ್ಗೋದ ಸಾವಿರದ ಇನ್ನೂರರ ಆಸುಪಾಸು ಮಳೆಯೇ ಅಲ್ಲ. ವ್ಯತ್ಯಾಸವಿಷ್ಟೇ: ನಮ್ಮ ಮಳೆ ನಾಲ್ಕು ತಿಂಗಳು ಹೊಯ್ದು ಮನೆಗೆ ಹೋಗುತ್ತದೆ, ಇದು ವರ್ಷವಿಡೀ ಬಾಗಿಲಲ್ಲೇ ನಿಂತಿರುತ್ತದೆ.

ಇನ್ನು ಮನೆ. ಗ್ಲಾಸ್ಗೋದ ವಿದ್ಯಾರ್ಥಿಗಳು ಹೆಚ್ಚಾಗಿ ಇರುವುದು ಟೆನೆಮೆಂಟ್ ಎಂಬ ನೂರು ವರ್ಷ ದಾಟಿದ ಕಲ್ಲಿನ ಮನೆಗಳಲ್ಲಿ. ಕೆಂಪು ಅಥವಾ ಮಾಸಲು ಹಳದಿ ಮರಳುಗಲ್ಲಿನ ನಾಲ್ಕು ಅಂತಸ್ತು, ನಡುವೆ ಎಲ್ಲರಿಗೂ ಸೇರಿದ ಮೆಟ್ಟಿಲು. ಆ ಮೆಟ್ಟಿಲಿನ ದಾರಿಗೆ ಇಲ್ಲಿ ‘ಕ್ಲೋಸ್’ ಎನ್ನುತ್ತಾರೆ. ನಮ್ಮ ವಿಳಾಸದಲ್ಲಿದ್ದ 2/1 ಎಂದರೆ ಎರಡನೆಯ ಮಹಡಿಯ ಮೊದಲ ಮನೆ. ಮನೆ ಸಿಗುವುದೇ ಕಷ್ಟ: 2023ರ ನವೆಂಬರಿನಲ್ಲಿ ಗ್ಲಾಸ್ಗೋ ನಗರಸಭೆ ವಸತಿ ತುರ್ತುಪರಿಸ್ಥಿತಿಯನ್ನೇ ಘೋಷಿಸಿತ್ತು. ಬ್ರಿಟನ್ನಿನಲ್ಲಿ ಜಾಮೀನುದಾರರಿಲ್ಲದ ಪರದೇಶಿಗಳನ್ನು ಆರು ತಿಂಗಳ ಬಾಡಿಗೆ ಮುಂಗಡವಾಗಿ ಕೇಳಿದ ಮನೆಯೊಡೆಯರನ್ನೂ ಕಂಡಿದ್ದೇನೆ. ಸಿಕ್ಕ ಮೇಲೆ ಕಾನೂನು ಬಾಡಿಗೆದಾರರ ಕಡೆಗೇ ಇದೆ ಎನ್ನಬೇಕು. ಠೇವಣಿ ಎರಡು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನು ಮನೆಯೊಡೆಯ 30 ಕೆಲಸದ ದಿನಗಳೊಳಗೆ ಮೂರನೆಯವರ ರಕ್ಷಣಾ ಯೋಜನೆಯಲ್ಲಿ ಇಡಬೇಕು, ಬಿಡುವಾಗ ನಾವು 28 ದಿನ ಮುಂಚೆ ತಿಳಿಸಿದರೆ ಸಾಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗಿನ ಹೆಸರಲ್ಲಿ ಕಳೆದುಕೊಂಡವರು ಇದನ್ನು ಓದಿ ನಿಟ್ಟುಸಿರು ಬಿಡಬಹುದು.

ಮನೆಯಲ್ಲಿ ನಾಲ್ವರಿದ್ದೆವು: ಚೀನಾದ ಚೆಂಗ್ಡುವಿನ ಹುಡುಗಿ, ಸ್ಕಾಟ್ಲೆಂಡಿನದೇ ಇನ್ವರ್ನೆಸ್ಸಿನ ಹುಡುಗಿ, ನೈಜೀರಿಯಾದ ಲಾಗೋಸಿನಿಂದ ಬಂದ ಇಬ್ಬರು ಮಕ್ಕಳ ತಾಯಿ, ನಾನು. ಅಡುಗೆಮನೆ ಒಂದೇ. ಬೇಸಿಗೆಯಲ್ಲಿ ಬೀದಿ ನಲ್ಲಿಯ ಮುಂದೆ ಕೊಡಗಳು ಸಾಲು ಹಿಡಿಯುವಂತೆ ಸಂಜೆ ಆರರಿಂದ ಎಂಟರವರೆಗೆ ಒಲೆಯ ಮುಂದೆ ಪಾತ್ರೆಗಳು ಸಾಲಿನಲ್ಲಿರುತ್ತಿದ್ದವು. ನನ್ನ ಅಡುಗೆಗೆ ಮತ್ತೊಂದು ಕಟ್ಟಳೆಯೂ ಇತ್ತು. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನ ಎಲ್ಲ ಮನೆಗಳಲ್ಲೂ ಒಂದಕ್ಕೊಂದು ಕೊಂಡಿ ಇರುವ ಹೊಗೆ ಅಲಾರಮ್ಮುಗಳು ಇರಲೇಬೇಕು. ಅಡುಗೆಮನೆಯಲ್ಲಿ ಇರುವುದು ಶಾಖಕ್ಕೆ ಮಾತ್ರ ಕೂಗುತ್ತದೆ, ಆದರೆ ಹಜಾರದ್ದು ಹೊಗೆಗೆ ಕೂಗುತ್ತದೆ, ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕುವ ಮುನ್ನ ಅಡುಗೆಮನೆಯ ಬಾಗಿಲು ಮುಚ್ಚಿದೆಯೇ, ಕಿಟಕಿ ತೆರೆದಿದೆಯೇ ಎಂದು ನೋಡುವುದು ಕೈಕಾಲು ತೊಳೆಯುವಷ್ಟೇ ಸಹಜವಾಗಿಬಿಟ್ಟಿತು. ಅಡುಗೆಮನೆಯ ಸೂರಿನಿಂದ ಹಗ್ಗದ ಮೇಲೆ ಇಳಿಬಿಡುವ, ‘ಪುಲ್ಲಿ’ ಎಂದು ಕರೆಯುವ ಮರದ ಚೌಕಟ್ಟಿನಲ್ಲಿ ಬಟ್ಟೆ ಒಣಹಾಕುವುದು ಈ ಮನೆಗಳ ಪದ್ಧತಿ. ಸಾರಿನ ದಿನ ಒಣಗಿದ ಸ್ವೆಟರು ಸೆಮಿನಾರಿನಲ್ಲಿ ಇಂಗಿನ ಪರಿಮಳ ಬೀರುತ್ತಿತ್ತು.

ಸಾಮಾನು ಸಿಗುವುದಿಲ್ಲವೆಂಬ ಮಾತು ಹಳೆಯದು. ಪೊಲಾಕ್‌ಶೀಲ್ಡ್ಸ್, ಗೋವನ್‌ಹಿಲ್ ಕಡೆ ಪಂಜಾಬಿ ಮತ್ತು ಪಾಕಿಸ್ತಾನಿ ಮನೆತನದವರ ಅಂಗಡಿಗಳಿವೆ. ತೊಗರಿಬೇಳೆ, ಅಕ್ಕಿಹಿಟ್ಟು, ಹೆಪ್ಪುಗಟ್ಟಿಸಿದ ತೆಂಗಿನತುರಿ, ಹುಡುಕಿದರೆ ರಾಗಿಹಿಟ್ಟೂ ಸಿಗುತ್ತದೆ. 1859ರಲ್ಲಿ ವಿಕ್ಟೋರಿಯಾ ರಾಣಿ ಉದ್ಘಾಟಿಸಿದ ಯೋಜನೆಯಿಂದ ಇಂದಿಗೂ ಕ್ಯಾಟ್ರಿನ್ ಸರೋವರದ ನೀರು ಊರಿಗೆ ಬರುತ್ತದೆ. ಅದು ಬಹಳ ಮೃದುವಾದ ನೀರು, ಬೇಳೆ ಬೆಣ್ಣೆಯಂತೆ ಬೇಯುತ್ತದೆ. ಸಿಗದಿರುವುದು ಶಾಖ. ದೋಸೆ ಹಿಟ್ಟು ಜನವರಿಯಲ್ಲಿ ಒಂದೂವರೆ ದಿನ ಕಳೆದರೂ ಉಬ್ಬುವುದಿಲ್ಲ. ಓವನ್ನಿನ ದೀಪ ಮಾತ್ರ ಹಚ್ಚಿ ಅದರೊಳಗೆ ಹಿಟ್ಟಿಟ್ಟು, ‘ದಯವಿಟ್ಟು ಓವನ್ ಹಚ್ಚಬೇಡಿ, ಒಳಗೆ ಜೀವವಿದೆ’ ಎಂದು ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದೆ. ಇನ್ವರ್ನೆಸ್ಸಿನವಳು ಒಂದು ಸಲ ಆ ಚೀಟಿಯ ಕೆಳಗೆ ‘ಅದರ ಹೆಸರೇನು?’ ಎಂದು ಬರೆದಿಟ್ಟಿದ್ದಳು.

ಈ ಲೆಕ್ಕದಲ್ಲಿ ಅತಿ ಬಿಗಿಯಾದ ಪಾಲು ಕೂಲಿಯದು. ಪಾಠದ ಅವಧಿಯಲ್ಲಿ ವಿದ್ಯಾರ್ಥಿ ವೀಸಾದವರು ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ವಾರವೆಂದರೆ ಸೋಮವಾರದಿಂದ ಭಾನುವಾರ, ಒಂದು ವಾರ ಬಿಟ್ಟದ್ದನ್ನು ಇನ್ನೊಂದಕ್ಕೆ ಸೇರಿಸುವಂತಿಲ್ಲ. ಸ್ವಂತ ವ್ಯವಹಾರ ನಿಷಿದ್ಧವಾದ್ದರಿಂದ ಸೈಕಲ್ಲಿನಲ್ಲಿ ಊಟ ಹಂಚುವ ಕೆಲಸವೂ ಕೂಡದು. ಬೇಸಿಗೆ ರಜೆಯಲ್ಲಿ ಹೆಚ್ಚು ದುಡಿಯಬಹುದೆಂದು ನಂಬಿ ಬರುವವರು ಬಹಳ. ಪದವಿ ವಿದ್ಯಾರ್ಥಿಗಳಿಗೆ ಅದು ನಿಜ. ಮಾಸ್ಟರ್ಸ್‌ನವರಿಗೆ ಬೇಸಿಗೆಯೆಂದರೆ ಪ್ರೌಢಪ್ರಬಂಧದ ಕಾಲ, ರಜೆಯಲ್ಲ. ಅಲ್ಲಿಯೂ ಅದೇ 20 ಗಂಟೆ.

ನಾನಿದ್ದದ್ದು ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ, ಸಂಜೆಯ ಪಾಳಿ, ಕಪಾಟು ತುಂಬುವ ಕೆಲಸ. ಗಂಟೆಗಳ ಖಾತರಿಯಿಲ್ಲದ ಒಪ್ಪಂದ: ಕೆಲವು ವಾರ ಹದಿನೆಂಟು ಗಂಟೆ, ಕೆಲವು ವಾರ ನಾಲ್ಕು. ಮಧ್ಯಾಹ್ನ ಸಂದೇಶ ಬಂದರೆ ಸಂಜೆಯ ಓದು ರದ್ದು. ಮೇಷ್ಟರ ಇಂಗ್ಲಿಷ್ ಅರ್ಥವಾಗುತ್ತಿದ್ದ ಕಿವಿಗೆ ಬಿಲ್ಲಿಂಗ್ ಕೌಂಟರಿನ ಗ್ಲಾಸ್ಗೋ ಮಾತು ಹಿಡಿಯಲು ಕ್ರಿಸ್‌ಮಸ್‌ವರೆಗೆ ಕಾಲ ಬೇಕಾಯಿತು. ಆದರೆ ಈ ಊರಿನ ಜನರ ಅಂತಃಕರಣ ತಿಳಿದದ್ದು ಅಲ್ಲಿಯೇ. ಬ್ರೆಡ್ಡು ಎಲ್ಲಿದೆ ಎಂದು ಕೇಳಲು ಬಂದ ಅಜ್ಜಿ ತನ್ನ ಮೊಣಕಾಲಿನ ಆಪರೇಷನ್ನಿನ ಕತೆ ಪೂರ್ತಿ ಹೇಳಿ, ನನ್ನ ಅಮ್ಮನ ಆರೋಗ್ಯ ವಿಚಾರಿಸಿಯೇ ಹೋಗುತ್ತಿದ್ದಳು.

ಬೆಂಗಳೂರಿನ ಕೆಲವು ಏಜೆಂಟರು, ಪಾರ್ಟ್‌ಟೈಂ ದುಡಿದು ಫೀಸು ತೀರಿಸಬಹುದು ಎಂದು ಅಪ್ಪ ಅಮ್ಮಂದಿರ ಮುಂದೆ ಹೇಳುವುದನ್ನು ಕೇಳಿದ್ದೇನೆ. ಲೆಕ್ಕ ಹೀಗಿದೆ. 2025ರ ಏಪ್ರಿಲಿನಲ್ಲಿ 21 ತುಂಬಿದವರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡಿಗೆ ಏರಿತು. ಒಂದು ವಾರವೂ ತಪ್ಪದೆ 20 ಗಂಟೆ ಸಿಕ್ಕಿತೆಂದೇ ಇಟ್ಟುಕೊಂಡರೂ ವಾರಕ್ಕೆ 244 ಪೌಂಡು, ವರ್ಷಕ್ಕೆ ಹನ್ನೆರಡು ಸಾವಿರದ ಏಳುನೂರರಷ್ಟು. ನಮ್ಮಂಥ ಹೊರದೇಶದವರ ಫೀಸು ಇಪ್ಪತ್ತು ಸಾವಿರ ಪೌಂಡನ್ನು ಆರಾಮವಾಗಿ ದಾಟುತ್ತದೆ. ಕೂಲಿಯಿಂದ ಬಾಡಿಗೆ ಹಾಗೂ ಅಕ್ಕಿಬೇಳೆ ನಡೆದರೆ ಅದೇ ದೊಡ್ಡದು. ಸಾಲ ಸಾಲವಾಗಿಯೇ ಉಳಿಯುತ್ತದೆ. ಸ್ಕಾಟ್ಲೆಂಡಿನ ಮಕ್ಕಳಿಗೆ ಪದವಿಯ ಬೋಧನಾ ಶುಲ್ಕವನ್ನು ಸರ್ಕಾರವೇ ಕಟ್ಟುತ್ತದೆ. ಅದು ಒಳ್ಳೆಯ ನೀತಿಯೇ. ಆದರೆ ಇಲ್ಲಿಯ ವಿಶ್ವವಿದ್ಯಾಲಯಗಳ ಖರ್ಚು ತೂಗುವುದು ಹೊರದೇಶದವರ ಹಣದಿಂದ ಎಂಬುದನ್ನೂ ಸೇರಿಸಿ ಹೇಳಬೇಕು.

ಮನೆಯವರೊಂದಿಗಿನ ಮಾತಿಗೂ ಗಂಟೆ ಗೊತ್ತುಮಾಡಬೇಕು. ಬೇಸಿಗೆಯಲ್ಲಿ ಊರು ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ನಾನು ಸಂಜೆಯ ಪಾಳಿ ಮುಗಿಸಿ ಮನೆ ತಲುಪುವಾಗ ಅಮ್ಮನಿಗೆ ಅರ್ಧ ನಿದ್ದೆ ಮುಗಿದಿರುತ್ತದೆ. ಹೀಗಾಗಿ ಡಿಸೆಂಬರಿನಲ್ಲಿ ನಮ್ಮ ಮಾತು ಇಲ್ಲಿಯ ಸೂರ್ಯಾಸ್ತದ ಹೊತ್ತಿಗೆ, ಅಂದರೆ ಅವರ ರಾತ್ರಿಯ ಊಟದ ನಂತರಕ್ಕೆ ಬಂದು ನಿಂತಿತ್ತು. ಲಾಗೋಸಿನಾಕೆಗೆ ಈ ತೊಡಕಿರಲಿಲ್ಲ. ಬೇಸಿಗೆಯಲ್ಲಿ ಅವಳ ಊರಿನ ಗಡಿಯಾರವೂ ಇಲ್ಲಿಯದೂ ಒಂದೇ. 2024ರ ಜನವರಿಯಿಂದ, ಸಂಶೋಧನೆಯದಲ್ಲದ ನಮ್ಮಂಥ ಪಾಠದ ಮಾಸ್ಟರ್ಸ್‌ಗೆ ಬರುವವರು ಕುಟುಂಬವನ್ನು ಕರೆತರುವಂತಿಲ್ಲ. ಅವಳು ದಿನವೂ ಎಂಟು ಗಂಟೆಗೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅಡುಗೆಯ ಸರದಿಯನ್ನು ಬಿಟ್ಟುಕೊಟ್ಟು, ಮಕ್ಕಳಿಗೆ ಕತೆ ಓದಿ ಮಲಗಿಸುತ್ತಿದ್ದಳು. ಆ ಅರ್ಧ ಗಂಟೆ ನಾವು ಮೂವರೂ ಕುಕ್ಕರ್ ಇಡುತ್ತಿರಲಿಲ್ಲ.

ಜೂನ್ ಬಂದ ಮೇಲೆ ಲೆಕ್ಕವೆಲ್ಲ ತಲೆಕೆಳಗಾಯಿತು. ಸೂರ್ಯ ಬೆಳಗಿನ ನಾಲ್ಕೂವರೆಗೇ ಎದ್ದು ರಾತ್ರಿ ಹತ್ತು ದಾಟಿದ ಮೇಲೆ ಮುಳುಗುತ್ತಾನೆ. ತರಗತಿ ಇಲ್ಲ, ಸೆಮಿನಾರು ಇಲ್ಲ, 60 ಕ್ರೆಡಿಟ್ಟಿನ ಪ್ರೌಢಪ್ರಬಂಧ ಒಂದೇ ಉಳಿದಿರುತ್ತದೆ, ಮಾರ್ಗದರ್ಶಕರ ಭೇಟಿ ಆಗೊಮ್ಮೆ ಈಗೊಮ್ಮೆ. ಆರು ಗಂಟೆಯಷ್ಟಿದ್ದ ಪಾಠವೂ ಸೊನ್ನೆಯಾದಾಗ ಹಲವರು ಕುಸಿಯುವುದನ್ನು ಕಂಡೆ. ಬೆಳಕಿದೆಯಲ್ಲ ಎಂದು ಲಾಕ್ ಲೋಮಂಡ್ ಸರೋವರಕ್ಕೆ ಹೋಗಿ ಬಂದು, ಆಗಸ್ಟಿನಲ್ಲಿ ರಾತ್ರಿ ಎರಡರವರೆಗೂ ಗ್ರಂಥಾಲಯದಲ್ಲಿ ಕೂತವರು ಅವರೇ. ಚಳಿಗಾಲದ ಕತ್ತಲಿಗಿಂತ ಬೇಸಿಗೆಯ ಬೆಳಕೇ ಓದಿಗೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಪ್ರೌಢಪ್ರಬಂಧ ಒಪ್ಪಿಸಿದ ಮೇಲೆ ಬೇರೆ ಗಡುವುಗಳು ಶುರುವಾಗುತ್ತವೆ. ವರ್ಷದ ಪಠ್ಯ ಮುಗಿದ ಮೇಲೆ ವೀಸಾದಲ್ಲಿ ಇನ್ನೂ ನಾಲ್ಕು ತಿಂಗಳಿರುತ್ತದೆ. ಅಷ್ಟರಲ್ಲಿ, ಓದಿದ ಮೇಲೆ ಇಲ್ಲೇ ಉಳಿದು ದುಡಿಯಲು ಬಿಡುವ ಪದವೀಧರ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನಾನು ಅರ್ಜಿ ಹಾಕಿದಾಗ ಶುಲ್ಕ 880 ಪೌಂಡು, ಅದರ ಮೇಲೆ ಆರೋಗ್ಯ ಸೇವೆಗೆಂದು ವರ್ಷಕ್ಕೆ 1,035ರಂತೆ ಎರಡು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕಾಯಿತು. ಕಪಾಟು ತುಂಬಿ ಉಳಿಸಿದ್ದರ ಬಹುಪಾಲು ಅಲ್ಲಿಗೇ ಹೋಯಿತು.

ಮುಂದಿನ ಸೆಪ್ಟೆಂಬರಿಗೆ ಬರಲಿರುವ ಶಿವಮೊಗ್ಗದ ಹುಡುಗಿಯೊಬ್ಬಳು ಮೊನ್ನೆ ಫೋನು ಮಾಡಿ, “ಅಕ್ಕಾ, ಅಲ್ಲಿಗೆ ಎಂಥ ಕೊಡೆ ತರಬೇಕು?” ಎಂದು ಕೇಳಿದಳು. ಕೊಡೆ ಇಲ್ಲಿಯ ಗಾಳಿಗೆ ನಿಲ್ಲುವುದಿಲ್ಲ, ಟೊಪ್ಪಿಗೆಯಿರುವ ಮಳೆ ಕೋಟನ್ನು ಇಲ್ಲಿಯೇ ಕೊಂಡುಕೋ ಎಂದೆ. ಕುಕ್ಕರಿನ ಗ್ಯಾಸ್ಕೆಟ್ಟು, ಸೀಟಿ ಹೆಚ್ಚುವರಿ ಇರಲಿ, ಬಾತ್‌ರೂಮಿಗೊಂದು ಚೊಂಬು ಇರಲಿ ಎಂದೂ ಸೇರಿಸಿದೆ. ಆಮೇಲೆ ಅವಳ ಏಜೆಂಟು ಹೇಳಿರದ ಒಂದನ್ನು ಹೇಳಿದೆ: 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್‌ನವರಿಗೆ ಪದವೀಧರ ವೀಸಾ ಎರಡು ವರ್ಷವಲ್ಲ, ಹದಿನೆಂಟೇ ತಿಂಗಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪನ ಹತ್ರ ಇನ್ನೊಂದು ಸಲ ಕೂತು ಲೆಕ್ಕ ಹಾಕ್ತೀನಿ ಅಕ್ಕಾ” ಎಂದಳು. ಬಾಡಿಗೆ, ಬಸ್ಸು, ಅಕ್ಕಿಬೇಳೆಗಳ ನನ್ನ ಒಂದು ವರ್ಷದ ಪಟ್ಟಿಯನ್ನು ಅಂದೇ ಸಂಜೆ ಅವಳಿಗೆ ಕಳಿಸಿದೆ.